ಮಖಮಲ್ಲಿನ ಕೆಳಗಿನ ತಟ್ಟೆ

"ಇದು ನಕಲಿ!"

ಅವಳ ದನಿ ನಾಣ್ಯ ಪ್ರದರ್ಶನದ ಸಭಾಂಗಣದ ಮೂಲೆಮೂಲೆಗೂ ಕೇಳಿಸಿತು. ಮೇಜಿನ ಈಚೆ ಅವಳು, ಆಚೆ ಒಬ್ಬ ಎತ್ತರದ ಅಪರಿಚಿತ. ನಡುವೆ ಮಖಮಲ್ಲಿನ ಮೇಲೆ, ಪಾರದರ್ಶಕ ಡಬ್ಬಿಯೊಳಗೆ, ಒಂದು ಹಳೆಯ ಬೆಳ್ಳಿ ನಾಣ್ಯ.

ನಾಣ್ಯದ ಅಸಲಿತನ ನೋಡಿ ದರ್ಜೆ ಕೊಟ್ಟ ಮೇಲೆ ಡಬ್ಬಿಯ ತಳದಲ್ಲಿ ಅಕ್ಕಿಕಾಳಿನಷ್ಟು ಚಿಪ್ ಕೂರಿಸಿ ಭದ್ರವಾಗಿ ಮುಚ್ಚುವುದು ಅವಳ ಕೆಲಸ. ಫೋನ್ ತಾಗಿಸಿದರೆ ನಾಣ್ಯದ ಫೋಟೊ, ದರ್ಜೆ ಎರಡೂ ಪರದೆಯ ಮೇಲೆ ಬರಬೇಕು. ನಕಲಿ ಡಬ್ಬಿಗಳ ಹಾವಳಿ ಹೆಚ್ಚಾದ ಮೇಲೆ, ಪ್ರದರ್ಶನದಲ್ಲಿ ಪ್ರತಿ ಮಳಿಗೆಯ ಡಬ್ಬಿಯನ್ನೂ ಅವಳು ಪರೀಕ್ಷಿಸಬೇಕು; ಚಿಪ್ ಮಾತಾಡದಿದ್ದರೆ ಆ ಮಳಿಗೆಗೆ ಬೀಗ ಎಂದೇ ನಿಯಮ.

ಇವತ್ತಿನ ಮೊದಲ ಡಬ್ಬಿಯೇ ಮಾತಾಡಲಿಲ್ಲ!

"ನೀವೇ ಮುಚ್ಚಿ ಕಳಿಸಿದ ಡಬ್ಬಿ ಇದು. ಇನ್ನೊಂದ್ಸಲ ನೋಡಿ, ಚಿಪ್ ಮೇಡಂ..."

ಅವಳು ತಟ್ಟನೆ ಅವನ ಮುಖ ನೋಡಿದಳು. ಹಾಗೆ ಕರೆಯುವವನು ಪ್ರಪಂಚದಲ್ಲಿ ಒಬ್ಬನೇ! ತನ್ನಪ್ಪನ ಹಳೇ ನಾಣ್ಯದಂಗಡಿ ನಡೆಸುತ್ತ, ನಾಣ್ಯಗಳನ್ನು ದರ್ಜೆಗಾಗಿ ಇವಳ ಕಚೇರಿಗೆ ಕಳಿಸುವವನು. ಡಬ್ಬಿ ತಲುಪಿತೇ ಎಂದು ಕೇಳಲು ಶುರುವಾದ ಫೋನು 'ಊಟ ಆಯ್ತಾ?'ಗೆ ಬಂದು, ಈಗ ಒಂದು ದಿನ ಮಾತಾಡದಿದ್ದರೆ ಇಬ್ಬರಿಗೂ ನಿದ್ದೆ ಬಾರದು. ಮುಖ ನೋಡಿದ್ದು ಮಾತ್ರ ಇವತ್ತೇ.

'ದೇವರೇ... ಇವರಾ?'

ಮತ್ತೆ ಫೋನ್ ತಾಗಿಸಿದಳು. ಚಿಪ್ ತುಟಿ ಪಿಟಿಕ್ಕೆನ್ನಲಿಲ್ಲ.

"ನನ್ ಮೇಲೆ ನಂಬಿಕೆ ಇಲ್ವಾ?" ಅವನು ಮೆಲ್ಲಗೆ ಕೇಳಿದ.

"ನಂಬಿಕೆ ಬೇರೆ... ನಿಯಮ ಬೇರೆ."

ಸುತ್ತ ಗುಸುಗುಸು ಎದ್ದಿತು. "ಅಪ್ಪ ಗಳಿಸಿದ ಹೆಸರನ್ನ ಮಗ ಮಣ್ಣುಪಾಲು ಮಾಡ್ದ!" ಎಂದರು ಯಾರೋ. ಅವನ ಮುಖ ಬಿಳಿಚಿಕೊಂಡಿತು. ಡಬ್ಬಿ ಎತ್ತಿಕೊಂಡು ತನ್ನ ಮಳಿಗೆಗೆ ಹೋಗಿ, ಒಂದೊಂದೇ ನಾಣ್ಯವನ್ನು ಪೆಟ್ಟಿಗೆಗೆ ತುಂಬತೊಡಗಿದ.

ಅವಳ ಕಣ್ಣು ಮಂಜಾಯಿತು. 'ಇಷ್ಟು ದಿನ ಮಾತಾಡಿದ್ದೆಲ್ಲ ಸುಳ್ಳಾ? ಇಲ್ಲ... ಸಾಧ್ಯವೇ ಇಲ್ಲ!'

ಮಾದರಿಗೆಂದು ತಾನೇ ತಂದಿದ್ದ ಡಬ್ಬಿಯನ್ನು ಅದೇ ಮಖಮಲ್ಲಿನ ಮೇಲಿಟ್ಟು ಫೋನ್ ತಾಗಿಸಿದಳು. ಅದೂ ಮೌನ!

ಅಂಗೈಯಲ್ಲಿಟ್ಟುಕೊಂಡು ತಾಗಿಸಿದಳು. ಟಿಣ್!

ಸರಕ್ಕನೆ ಮಖಮಲ್ಲು ಎಳೆದಳು. ಕೆಳಗೆ ಫಳಫಳ ಹೊಳೆಯುವ ಸ್ಟೀಲ್ ತಟ್ಟೆ! ಲೋಹದ ಮೇಲಿಟ್ಟರೆ ಚಿಪ್‌ನ ಬಾಯಿ ಕಟ್ಟುತ್ತದೆ ಎಂದು ಹೊಸಬರಿಗೆಲ್ಲ ಪಾಠ ಹೇಳುವವಳು ಇವಳೇ. ದಿನವೂ ಬಳಸುವ ಮರದ ಹಲಗೆ ತೆಗೆದು, ಬೆಳಿಗ್ಗೆ ಈ ತಟ್ಟೆ ಇಟ್ಟವಳೂ ಇವಳೇ!

ಫೋನ್ ಹಿಡಿದುಕೊಂಡು ಓಡಿದಳು.

"ಕೈ ಕೊಡಿ!"

"ಯಾವ್ ಕೈ?"

"ಯಾವ್ದಾದ್ರೂ ಕೊಡ್ರೀ!"

ಅವನ ಅಂಗೈ ಮೇಲೆ ಅವನದೇ ಡಬ್ಬಿ ಇಟ್ಟು ಫೋನ್ ತಾಗಿಸಿದಳು. ಟಿಣ್! ಬೆಳ್ಳಿ ನಾಣ್ಯದ ಫೋಟೊ ಪರದೆ ತುಂಬಿತು.

"ಅಸಲಿ!" ಈ ಸಲ ಮೊದಲಿಗಿಂತ ಜೋರಾಗಿ ಕೂಗಿದಳು. "ಎಲ್ರೂ ಕೇಳಿ, ತಪ್ಪು ಇವರದ್ದಲ್ಲ, ನಂದು! ಸ್ಟೀಲ್ ತಟ್ಟೆ ಮೇಲಿಟ್ಟು ನೋಡ್ದೆ!"

ಅವಳ ಮೇಲಧಿಕಾರಿ ಕನ್ನಡಕ ಸರಿಮಾಡಿಕೊಳ್ಳುತ್ತ ಬಂದರು. "ಹಲಗೆ ಯಾಕಮ್ಮಾ ತೆಗ್ದೆ?"

"ಅದು... ಮಖಮಲ್ಲಿನಾಚೆ ಕಲೆ ಕಾಣ್ತಿತ್ತು ಸರ್."

"ನೀನು ಕೆಲ್ಸಕ್ಕೆ ಸೇರೋ ಮುಂಚಿಂದ್ಲೂ ಕಲೆ ಇದೆ. ಇವತ್ತೇ ಯಾಕೆ?"



"ಬಿಡಿ ಸರ್," ಎಂದ ಅವನು. ದನಿಯಲ್ಲಿ ನೋವಿತ್ತು. "ನಾಲ್ಕು ಜನರ ಮುಂದೆ ಕಳ್ಳ ಅನ್ನಿಸ್ಕೊಂಡಿದ್ದಾಯ್ತು."

"ಹಾಗಾದ್ರೆ ಇದನ್ನೂ ನಾಲ್ಕು ಜನರ ಮುಂದೇನೇ ಹೇಳ್ತೀನಿ!" ಅವಳು ಅವನತ್ತ ತಿರುಗಿದಳು. "ನೀವು ಬರ್ತೀರಂತ ತೆಗ್ದೆ! ಮೊದಲ್ನೇ ಸಲ ನೋಡ್ತೀರ, ಮೇಜು ಚೆನ್ನಾಗಿ ಕಾಣ್ಲಿ ಅಂತ... ನಂಗೆ ನೀವಂದ್ರೆ ಇಷ್ಟ. ತುಂಬಾ ಇಷ್ಟ!"

ಸುತ್ತಲಿನವರೆಲ್ಲ ಕತ್ತು ಚಾಚಿದರು! ಮೇಲಧಿಕಾರಿ ಕೆಮ್ಮಿ, ಪಕ್ಕದ ಮಳಿಗೆಯ ನಾಣ್ಯ ನೋಡುವವರಂತೆ ಜಾಗ ಖಾಲಿ ಮಾಡಿದರು.

ಅವನ ಅಂಗೈ ಇನ್ನೂ ಚಾಚಿಯೇ ಇತ್ತು. ಡಬ್ಬಿಯನ್ನು ಪಕ್ಕಕ್ಕಿಟ್ಟು, ಆ ಖಾಲಿ ಕೈಯನ್ನು ಮತ್ತೆ ಅವಳ ಮುಂದೆ ಹಿಡಿದ.

"ಇನ್ಮೇಲೆ ನಂಗೋಸ್ಕರ ಏನೂ ಬದಲಾಯಿಸ್ಬೇಡಿ. ಆ ಕಲೆ ಹಲಗೇನೇ ಇರ್ಲಿ."

"ನೋಡೋಕೆ ದಿನಾ ಬರ್ತೀರಾ?"

"ಬರ್ದೇ ಇರ್ತೀನಾ?"

ಅವಳು ಅವನ ಕೈಯಲ್ಲಿ ಕೈ ಇಟ್ಟಳು. ಅವನು ನಕ್ಕ.

"ಚಿಪ್ ಮೇಡಂ... ಊಟ ಆಯ್ತಾ?"

"ಇಲ್ಲ," ಎಂದಳು, ಅಳುತ್ತಲೇ ನಗುತ್ತ. "ನಿಮ್ದು?"