ಇಫ್ತಾರಿನ ಗಂಟೆ

ಆ ಸಂಜೆ ಗಂಟೆ ಬಾರಿಸಲಿಲ್ಲ.

ಕಲ್ಲಗುಡ್ಡದ ಜೈಲಿನ ಅಂಗಳದಲ್ಲಿ ಆರು ಮಂದಿ ಕೈದಿಗಳು ಚಾಪೆಯ ಮೇಲೆ ಕುಳಿತಿದ್ದರು. ಎಲ್ಲರ ಕೈಯಲ್ಲೂ ಒಂದೊಂದು ಖರ್ಜೂರ. ಬೆಳಗಿನಿಂದ ಯಾರ ಬಾಯಿಗೂ ಹನಿ ನೀರು ಬಿದ್ದಿರಲಿಲ್ಲ. ಮುಂಡರಗಿ ರಸ್ತೆಯಿಂದ ಬಹಳ ಒಳಗಿರುವ ಆ ಜೈಲಿಗೆ ಯಾವ ಮಸೀದಿಯ ಬಾಂಗೂ ಕೇಳಿಸುವುದಿಲ್ಲ. ಅದಕ್ಕೇ ರಂಜಾನ್ ತಿಂಗಳಲ್ಲಿ ಅಲ್ಲೊಂದು ಏರ್ಪಾಡಿತ್ತು. ಹೊತ್ತು ಮುಳುಗಿದ ಕೂಡಲೇ ಒಳಗೇಟಿನ ವಾರ್ಡರ್ ಗಂಟೆಗೆ ಒಂದು ಪೆಟ್ಟು ಹಾಕಬೇಕು. ಅದು ಕೇಳಿದ ಮೇಲೆ ಇವರು ರೋಜಾ ಬಿಡಬೇಕು.

ಆಕಾಶ ಕೆಂಪಾಯಿತು. ಕಪ್ಪಾಗತೊಡಗಿತು. ಗಂಟೆಯ ಸದ್ದಿಲ್ಲ.

"ಅನೀಸ ಮರ್ತಾನೇನ?" ಎಂದು ಒಬ್ಬ ಗೊಣಗಿದ.

ಜೈಲಿನ ಅಡುಗೆ ಮಾಡುವ ಕೈದಿ ಮಲಂಗಸಾಬ ಖರ್ಜೂರವನ್ನು ಕೈಯಲ್ಲೇ ಹಿಡಿದುಕೊಂಡು ಎದ್ದ. ಒಳಗೇಟಿನ ಹತ್ತಿರ ವಾರ್ಡರ್ ಅನೀಸ ಕುರ್ಚಿಯಲ್ಲಿ ಕತ್ತು ವಾಲಿಸಿ ಗೊರಕೆ ಹೊಡೆಯುತ್ತಿದ್ದ. ಭುಜ ಹಿಡಿದು ಅಲುಗಾಡಿಸಿದರೂ ಏಳಲಿಲ್ಲ. ಅವನ ಸೊಂಟದಲ್ಲಿ ಸದಾ ಇರುತ್ತಿದ್ದ ಬೀಗದ ಕೈಗಳ ಗೊಂಚಲು ಇರಲಿಲ್ಲ. ಬ್ಯಾರಕ್ಕಿನಲ್ಲಿ ಉಂಡ ಕೈದಿಗಳು ತಟ್ಟೆಗಳ ಪಕ್ಕದಲ್ಲೇ ಅಡ್ಡಡ್ಡ ಮಲಗಿದ್ದರು. ಕಾಯಿಪಲ್ಲೆಯ ಗಾಡಿ ಬರುವ ಹಿಂದಿನ ಸಣ್ಣ ಬಾಗಿಲು ಹಾರು ಹೊಡೆದಿತ್ತು.

ಮಲಂಗಸಾಬ ಕೂಗಿಕೊಂಡ. ಮುಂಬಾಗಿಲಿನ ಕಾವಲಿನವರು ಓಡಿ ಬಂದರು. ಎಲ್ಲರ ಮುಖಕ್ಕೂ ಬ್ಯಾಟರಿ ಬಿಟ್ಟು ನೋಡಿದಾಗ ಒಬ್ಬ ಕಡಿಮೆ ಇದ್ದ. ಲಕ್ಷ್ಮೇಶ್ವರದಲ್ಲಿ ಬಂಗಾರ ದೋಚಿ ಸಿಕ್ಕಿಬಿದ್ದಿದ್ದ ಸುಭಾಷ.

*

ತಣ್ಣಗಾದ ಚಹಾ ಮತ್ತು ಸಿದ್ಧಮಾಡಿಟ್ಟ ಅಪರಾಧಿ, ಇವೆರಡು ಕಂಡರೆ ಸರ್ಕಲ್ ಇನ್ಸ್‌ಪೆಕ್ಟರ್ ಸೀಮಾ ಬಳಿಗಾರಳಿಗೆ ಆಗುವುದಿಲ್ಲ. ರವಿವಾರ ಬೆಳಿಗ್ಗೆ ಅವಳು ಗದಗಿನಿಂದ ಬಂದಾಗ ಜೈಲಿನ ಅಧೀಕ್ಷಕ ವಿಶ್ರುತ ಕುಲಕರ್ಣಿ ಎರಡನ್ನೂ ಅವಳ ಮುಂದಿಟ್ಟರು.

"ಸಾರಿನ್ಯಾಗ ನಿದ್ದಿ ಗುಳಿಗಿ ಬೆರಸ್ಯಾರ. ಉಂಡವರೆಲ್ಲ ಬಿದ್ರು. ರೋಜಾ ಇದ್ದವರು ಉಂಡಿರಲಿಲ್ಲ, ಅವರಿಗೆ ಏನೂ ಆಗಲಿಲ್ಲ. ಸಾರು ಮಾಡಿದಾಂವ ಮಲಂಗಸಾಬ. ಇನ್ನೇನ ಬೇಕ್ರಿ ನಿಮಗ?"

"ಮೊದಲು ಕೂಗಿದಾಂವನೂ ಅವನ ಅಲ್ರಿ?"

"ಕೂಗದಿದ್ರ ಸಂಶಯ ಬರ್ತಿತ್ತಲ್ಲ."

"ನಾಳೆ ಸೋಮವಾರ ಅವನ ಬಿಡುಗಡೆ ಅಂತ ಕೇಳೀನಿ. ನಾಳೆ ಮನಿಗೆ ಹೋಗಾಂವ ನಿನ್ನೆ ಇಂಥಾ ಕೆಲಸ ಮಾಡ್ತಾನೇನ್ರಿ?"

"ಹೊರಗ ಹೋದಮ್ಯಾಲೆ ಸುಭಾಷನ ಕಡಿಂದ ಪಾಲು ಬರ್ತದ." ವಿಶ್ರುತ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ರಾತ್ರಿಯಿಡೀ ನಿದ್ದೆ ಮಾಡಿರಲಿಲ್ಲ. "ನನಗೇನ ಖುಷಿ ಅಂದ್ಕೊಂಡ್ರೇನು? ಮ್ಯಾಲಿನವರ ಕಾಲು ಹಿಡದು ಇದನ್ನೆಲ್ಲಾ ಮಂಜೂರ ಮಾಡಿಸಿದ್ದೆ. ಶನಿವಾರ ಮಾರುತಿ ಪೂಜಾ, ಶುಕ್ರವಾರ ನಮಾಜ್, ರೋಜಾದವರಿಗೆ ಬ್ಯಾರೆ ಹೊತ್ತಿನ್ಯಾಗ ಊಟ. ಈಗ ಎಲ್ಲಾ ಬಂದ್ ಮಾಡು ಅಂತ ಫೋನ್ ಬಂದದ. ಸಂಜಿಗೆ ವರದಿ ಕೊಡಬೇಕು. ವರದಿಯೊಳಗ ಮಲಂಗಸಾಬನ ಹೆಸರು ಬಂತಂದ್ರ ನಾಳಿನ ಬಿಡುಗಡೆ ಹೋತು."

ಸೀಮಾ ಚಹಾದ ಕಪ್ಪನ್ನು ಪಕ್ಕಕ್ಕೆ ಸರಿಸಿ ಎದ್ದಳು.

*

ಮಲಂಗಸಾಬನನ್ನು ಒಂಟಿ ಕೋಣೆಯಲ್ಲಿ ಕೂಡಿಹಾಕಿದ್ದರು. ಶಿರಹಟ್ಟಿಯ ಕಡೆ ಮದುವೆ ಅಡುಗೆಗೆ ಹೆಸರಾಗಿದ್ದವ. ಒಂದು ಜಗಳದಲ್ಲಿ ಸೌಟು ಬೀಸಿ ಒಬ್ಬನ ತಲೆ ಒಡೆದು ಒಳಗೆ ಬಂದಿದ್ದ. ಆಮೇಲೆ ಸೌಟನ್ನು ಸಾರು ಕಲಕಲು ಮಾತ್ರ ಎತ್ತಿದ್ದಾನೆ ಎಂದು ವಾರ್ಡರುಗಳೇ ಹೇಳುತ್ತಿದ್ದರು.

"ಕುಂಡ್ರ ಚಾಚಾ," ಎಂದಳು ಸೀಮಾ. "ಸಾರಿನ ವಾಸನಿ, ರುಚಿ ಏನರ ಬ್ಯಾರೆ ಆಗಿತ್ತೇನ?"

"ವಾಸನಿ ಸರಿ ಇತ್ರಿ. ರುಚಿ ಗೊತ್ತಿಲ್ರಿ ಮೇಡಮ್ರೀ. ರೋಜಾ ಇದ್ದಾಗ ನಾ ನಾಲಿಗಿಗೆ ಹಚ್ಚಂಗಿಲ್ಲ. ನಮ್ಮಪ್ಪನೂ ಹಂಗ ಮಾಡ್ತಿದ್ದ."

"ಒಲಿ ಬಿಟ್ಟು ಎಲ್ಲಿಗರ ಹೋಗಿದ್ದ್ಯಾ?"

"ಸಂಜಿ ಮುಂದಿನ ಅಸರ್ ನಮಾಜಿಗೆ ಹೋಗಿದ್ನಿ. ಸಾರು ಕುದಿಯಾಕತ್ತಿತ್ತು. ಅಷ್ಟೊತ್ತಿಗೆ ಮಾರುತಿ ಪೂಜಾನೂ ಮುಗದಿತ್ತು, ಮಂದಿ ತೀರ್ಥ ತಗೊಂಡು ಓಡಾಡಾಕತ್ತಿದ್ರು. ಅಡಿಗಿ ಮನಿಗೆ ಯಾರ ಬಂದ್ರು, ಯಾರ ಹೋದ್ರು, ಹೆಂಗ ಹೇಳ್ಲಿರಿ?"

"ಕೈಯಾಳು ಯಾರೂ ಇರಲಿಲ್ಲೇನ?"

"ಮೌನೇಶ ಇದ್ದ. ಪಾಪ, ಅವನೂ ಉಂಡು ಬಿದ್ದಾನ್ರಿ." ಮಲಂಗಸಾಬ ಮುಂದಕ್ಕೆ ಬಾಗಿದ. "ಮೇಡಮ್ರೀ, ನಾಳೆ ನನ್ನ ಮಗಳು ನೂರೀನ, ನನ್ನ ಕರಕೊಂಡು ಹೋಗಾಕ ಬರ್ತಾಳ. ಹಬ್ಬಕ್ಕ ಅಪ್ಪ ಬರ್ತಾನಂತ ಓಣಿಗೆಲ್ಲಾ ಹೇಳ್ಯಾಳ. ಗೇಟಿನ ಮುಂದ ನಿಂತಾಕಿಗೆ ಯಾರ ಏನಂತ ಹೇಳ್ಬೇಕ್ರಿ?"

ಸೀಮಾ ಹೊರಗೆ ಬಂದು, ನಿನ್ನೆ ಪೂಜೆ ಮಾಡಿಸಿದವರನ್ನು ಕರೆಸಲು ಹೇಳಿದಳು.

*

ಪೂಜೆಗೆ ಗದಗಿನಿಂದ ಬರುವ ಗೋಪಾಲಾಚಾರ್ಯರನ್ನು ಕರೆಸಿದ್ದಾಯಿತು. ತೀರ್ಥದ ವಿಷಯ ಎತ್ತಿದ ಕೂಡಲೇ ಅವರ ಮುಖ ಬಿಳಿಚಿಕೊಂಡಿತು.

"ತೀರ್ಥದಾಗ ನಾ ಏನ ಹಾಕ್ತೀನಿ ತಾಯಿ? ತುಳಸಿ ಹಾಕೀನಿ, ಪಚ್ಚಕರ್ಪೂರ ಹಾಕೀನಿ. ಮೊದಲು ನಾನ ಕುಡದೀನಿ!"

ಸೀಮಾ ತಲೆ ಕೆರೆದುಕೊಂಡಳು. ಬಿದ್ದ ಕೈದಿಗಳೆಲ್ಲ ತೀರ್ಥವನ್ನೂ ತೆಗೆದುಕೊಂಡಿದ್ದರು, ಸಾರನ್ನೂ ಉಂಡಿದ್ದರು. ಗುಳಿಗೆ ಯಾವುದರಲ್ಲಿತ್ತು? ಸಾರಿನಲ್ಲಿ ಎಂದು ವಿಶ್ರುತ ಹೇಳಿದ್ದು ಊಹೆ ಅಷ್ಟೆ. ರೋಜಾದವರಿಗೆಂದು ಎತ್ತಿಟ್ಟಿದ್ದ ಸಾರು ಹಾಗೇ ಉಳಿದಿತ್ತು. ಅದನ್ನು ಪರೀಕ್ಷೆಗೆ ಕಳಿಸಿದ್ದರೂ ಅದರ ಉತ್ತರ ಸಂಜೆಯೊಳಗೆ ಬರುವುದು ಕನಸಿನ ಮಾತು.

ಇನ್ನೊಂದು ಗಂಟು ಅನೀಸ. ಅವನು ತೀರ್ಥ ತೆಗೆದುಕೊಳ್ಳುವವನಲ್ಲ. ರೋಜಾ ಇದ್ದುದರಿಂದ ಉಂಡವನೂ ಅಲ್ಲ. ಹಾಗಾದರೆ ಅವನಿಗೇಕೆ ಆ ಪರಿ ನಿದ್ದೆ?

"ನಾಟಕ," ಎಂದರು ವಿಶ್ರುತ. "ಬೀಗದ ಕೈ ಅವನ ಕೊಟ್ಟಾನ. ಮಲಂಗಸಾಬ, ಅನೀಸ ಇಬ್ಬರೂ ಕೂಡಿ ಮಾಡ್ಯಾರ."

ಕೇಳುವುದಕ್ಕೆ ಸರಿಯಾಗಿಯೇ ಇತ್ತು. ಸೀಮಾಳಿಗೆ ಅದೇ ಹಿಡಿಸಲಿಲ್ಲ.

*

ಬಿದ್ದವರನ್ನೆಲ್ಲ ರಾತ್ರಿಯೇ ಆಸ್ಪತ್ರೆಗೆ ಸಾಗಿಸಿದ್ದರು. ಅಲ್ಲಿ ಮಂಚದ ಮೇಲೆ ಅನೀಸ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ.

"ನಾ ಏನೂ ತಿಂದಿಲ್ರಿ. ರೋಜಾ ಇದ್ದೆ. ಸುಸ್ತಾಗಿ ಕಣ್ಣು ಹತ್ತಿರಬೇಕು."

"ಕೈ ತೋರ್ಸು."

ಅನೀಸ ಹಿಂದೆಮುಂದೆ ನೋಡಿ ಕೈ ಚಾಚಿದ. ಬೆರಳ ತುದಿಗಳಲ್ಲಿ ಸಣ್ಣ ಸಣ್ಣ ಸೂಜಿ ಚುಕ್ಕೆಗಳಿದ್ದವು. ಸೀಮಾಳ ತಾಯಿಯ ಬೆರಳುಗಳೂ ಹೀಗೇ ಇದ್ದವು.

"ಶುಗರ್ ಎಷ್ಟೈತಿ?"

ಅನೀಸ ಕೈ ಹಿಂದಕ್ಕೆ ಎಳೆದುಕೊಂಡ.

"ಡಾಕ್ಟರು ರೋಜಾ ಬ್ಯಾಡ ಅಂದಾರ, ಹೌದಲ್ಲ? ಇದನ್ನ ಯಾರ ಮುಂದೂ ನೀ ಹೇಳಿಲ್ಲ. ಅನೀಸ, ನೀ ಉಂಡಿಲ್ಲ ಅಂದ್ರ ನಿದ್ದಿ ನಾಟಕ ಅಂತ ಆಗತೈತಿ. ಬೀಗದ ಕೈ ನೀನ ಕೊಟ್ಟಿ ಅಂತಾರ. ಚಾಚಾನೂ ಸಿಕ್ಕಿ ಬೀಳ್ತಾನ, ನೀನೂ ಸಿಕ್ಕಿ ಬೀಳ್ತಿ."

ಅನೀಸ ಎದ್ದು ಕುಳಿತ. ಕಣ್ಣಲ್ಲಿ ನೀರು ತುಂಬಿತ್ತು.

"ಹೆಂಗ ಹೇಳ್ಲಿರಿ? ಆ ಆರು ಮಂದಿಗೆ ಗಂಟಿ ಬಾರ್ಸಾಂವ ನಾನು. ನಾನೂ ರೋಜಾ ಇದ್ದೀನಂತ ಅವರು ತಿಳಕೊಂಡಾರ. ದಿನಾ ಮಂದಿ ಉಂಡಾದಮ್ಯಾಲೆ ಗೇಟಿನ ಮರಿಗೆ ಕುಂತು ಎರಡು ತುತ್ತು ಅನ್ನ ಸಾರು ಉಣ್ತಿದ್ದೆ. ಯಾರೂ ನೋಡಬಾರದಂತ ಗಬಗಬ ನುಂಗ್ತಿದ್ದೆ."

"ನಿನ್ನೆನೂ ಉಂಡಿ?"

"ಉಂಡೆ. ಉಪ್ಪ ಇರಲಿಲ್ಲ. ಕದ್ದು ಉಣ್ಣಾಂವ ಉಪ್ಪ ಎಲ್ಲಿಂದ ಕೇಳ್ಲಿ? ಸುಮ್ನ ನುಂಗಿದೆ."

ಗುಳಿಗೆ ಸಾರಿನಲ್ಲಿತ್ತು. ಅಷ್ಟು ಖಚಿತವಾಯಿತು. ಆದರೆ ಸೀಮಾಳ ಕಿವಿಗೆ ಬಿದ್ದದ್ದು ಇನ್ನೊಂದು ಮಾತು.

"ಏನಂದಿ? ಉಪ್ಪ ಇರಲಿಲ್ಲ?"

"ಇದ್ದಷ್ಟು ಗೊತ್ತ ಆಗಲಿಲ್ರಿ."

ಸೀಮಾ ಅಲ್ಲಿಂದಲೇ ವಿಶ್ರುತರಿಗೆ ಫೋನ್ ಹಚ್ಚಿದಳು. ಮಲಂಗಸಾಬನ ಕೈಗೆ ಫೋನ್ ಕೊಡಿಸಿದಳು.

"ಚಾಚಾ, ರೋಜಾದಾಗ ನೀ ರುಚಿ ನೋಡಂಗಿಲ್ಲ. ಮತ್ತ ಉಪ್ಪ ಹೆಂಗ ಹಾಕ್ತಿ?"

"ಮೊದಲ ಒಂದ ಚಿಟಿಕಿ ಹಾಕಿ ಕುದಿಸ್ತೀನ್ರಿ. ನಮಾಜ್ ಮುಗಿಸಿ ಬಂದು ಮೌನೇಶಗ ನೋಡಂತೀನಿ. ಅಂವ ಇನ್ನೊಂದ ಮುಷ್ಟಿ ಅಂದ್ರ ಒಂದ ಮುಷ್ಟಿ, ಎರಡಂದ್ರ ಎರಡು. ದಿನಾ ಹಿಂಗ."

"ನಿನ್ನೆ ಎಷ್ಟಂದ?"

"ನಿನ್ನೆ ಸೌಟು ಬಾಯಿಗಿಟ್ಟು, ಬರೋಬ್ಬರಿ ಐತಿ, ಇಳಸ್ರಿ ಅಂದ. ನಾ ಇಳಿಸಿದೆ."

ಸೀಮಾ ಫೋನ್ ಇಟ್ಟು ಜೀಪಿನ ಕಡೆ ನಡೆದಳು.

*

ಮಧ್ಯಾಹ್ನದ ಹೊತ್ತಿಗೆ ಕೈದಿಗಳೆಲ್ಲ ಆಸ್ಪತ್ರೆಯಿಂದ ಮರಳಿದ್ದರು. ಅಧೀಕ್ಷಕರ ಕೋಣೆಗೆ ಮೊದಲು ಮೌನೇಶನನ್ನು ಕರೆಸಿದರು. ಅಡುಗೆಮನೆಯ ಕೈಯಾಳು. ಸಾಧು ಹುಡುಗ ಎಂದು ಎಲ್ಲರೂ ಹೇಳುವ, ಯಾರ ಕಣ್ಣಿಗೂ ಬೀಳದ ಮೂವತ್ತರ ಗಂಡಸು.

"ನೀ ಎಲ್ಲಿ ಉಂಡಿ?"

"ಅಡಿಗಿ ಮನ್ಯಾಗ್ರಿ. ಅಲ್ಲೇ ಬಿದ್ನಿ."

"ಸಾರು ಹೆಂಗಿತ್ತು?"

"ಮಸ್ತ್ ಇತ್ರಿ. ಎರಡ ಸಲ ಹಾಕ್ಕೊಂಡೆ."

"ಉಪ್ಪು, ಖಾರ?"

"ಎಲ್ಲಾ ಬರೋಬ್ಬರಿ ಇತ್ರಿ."

"ಇಲ್ಲೇ ಕುಂಡ್ರು."

ನಂತರ ಅಂದಾನಪ್ಪ ಬಂದ. ಹೊಲದ ಬದುವಿನ ಜಗಳದಲ್ಲಿ ಒಳಗೆ ಬಂದ ಮುದುಕ. ನೆತ್ತಿಗೇರಿದ್ದ ಮಂಪರು ಇನ್ನೂ ಪೂರ್ತಿ ಇಳಿದಿರಲಿಲ್ಲ.

"ಅಜ್ಜಾ, ನಿನ್ನೆ ಸಾರಿಗೆ ಉಪ್ಪು ಹೆಂಗಿತ್ತು?"

"ಉಪ್ಪ?" ಅಂದಾನಪ್ಪ ನಕ್ಕ. "ಬಿಸಿನೀರು ಕುಡದಂಗಿತ್ತ ಯವ್ವಾ!"

"ಮತ್ತ ಯಾರೂ ಕೇಳಲಿಲ್ಲೇನ?"

"ಹೆಂಗ ಕೇಳೂದು? ಬೆಳಗಿನಿಂದ ನೀರೂ ಕುಡೀದಾಂವ ನಮಗ ಬೇಸಿ ಹಾಕ್ಯಾನ. ಅವಗ ರುಚಿ ನೋಡಾಕ ಬರಂಗಿಲ್ಲ. ಒಂದಿನ ಸಪ್ಪಗಾತಂತ ಅವನ್ನ ಬೈಯೋದು ಬ್ಯಾಡಂತ ನಾನ ಹುಡುಗರಿಗೆ ಹೇಳಿದೆ. ಎಲ್ಲಾರೂ ಸುಮ್ಮ ಉಂಡ್ವಿ."

ಮೌನೇಶನ ಮುಖದಲ್ಲಿ ರಕ್ತವೇ ಇರಲಿಲ್ಲ.

ಸೀಮಾ ಇನ್ನೂ ನಾಲ್ವರನ್ನು ಒಬ್ಬೊಬ್ಬರಾಗಿ ಕರೆಸಿದಳು. ನಾಲ್ವರದೂ ಒಂದೇ ಉತ್ತರ. ಸಪ್ಪೆ.

"ಸಾಹೇಬ್ರ," ಎಂದಳು ವಿಶ್ರುತರ ಕಡೆ ತಿರುಗಿ. "ಉಂಡವರಿಗೆಲ್ಲಾ ಸಪ್ಪಗಿದ್ದ ಸಾರು ಇವನೊಬ್ಬನಿಗೆ ಬರೋಬ್ಬರಿ ಹೆಂಗಾತು? ಯಾಕಂದ್ರ ಇಂವ ಅದನ್ನ ನಾಲಿಗಿಗೇ ಹಚ್ಚಿಲ್ಲ. ಉಂಡೂ ಇಲ್ಲ, ರುಚಿನೂ ನೋಡಿಲ್ಲ. ಚಾಚಾ ನಮಾಜಿಗೆ ಹೋದಾಗ ಗುಳಿಗಿ ಪುಡಿ ಹಾಕ್ಯಾನ. ಚಾಚಾ ಬಂದು ಉಪ್ಪ ನೋಡು ಅಂದಾಗ ಸೌಟು ತುಟಿ ತನಕ ಒಯ್ದು, ಬಾಯಿಗೆ ಬಂದದ್ದು ಹೇಳ್ಯಾನ. ತಾನ ಹಾಕಿದ ಗುಳಿಗಿ ತಾನ ಹೆಂಗ ನೆಕ್ಕತಾನ?"

"ಗುಳಿಗಿ ಎಲ್ಲಿಂದ ಬಂತು?" ಎಂದರು ವಿಶ್ರುತ. ಹಾಗೆ ಕೇಳುವಾಗಲೇ ಅವರಿಗೇ ನೆನಪಾಯಿತು. "ಹೌದಲ್ಲ. ರಾತ್ರಿ ನಿದ್ದಿ ಬರೂದಿಲ್ಲಂತ ಇವನಿಗೇ ನಮ್ಮ ಡಾಕ್ಟರು ದಿನಾ ಗುಳಿಗಿ ಕೊಡ್ತಾರ!"

"ನುಂಗಿದಂಗ ಮಾಡಿ ಕೂಡಿಟ್ಟಾನ. ಈಗ ಅಡಿಗಿ ಮನಿ ನೋಡಿ ಬಂದೀನಿ, ಬೆಳ್ಳುಳ್ಳಿ ಜಜ್ಜೋ ಕಲ್ಲಿನ ಸಂದ್ಯಾಗ ಬಿಳಿ ಪುಡಿ ಕಂಡೈತಿ, ಅದನ್ನೂ ಪರೀಕ್ಷೆಗೆ ಕಳಿಸೀನಿ. ಇನ್ನೊಂದ ಮಾತು ನೋಡ್ರಿ. ಬ್ಯಾರೆ ತಿಂಗಳಾಗಿದ್ರ ಚಾಚಾ ತಾನ ರುಚಿ ನೋಡ್ತಿದ್ದ, ತಾನೂ ಬೀಳ್ತಿದ್ದ, ಊಟ ಬಡಸೂದ ನಿಲ್ತಿತ್ತು. ಅದಕ್ಕ ರಂಜಾನ್ ತನಕ ಕಾದಾರ. ಚಾಚಾ ರೋಜಾ ಇರತಾನಂತ ಈ ಕೆಲಸಕ್ಕ ಕೈ ಹಾಕಿದ್ರು. ಅದ ರೋಜಾ ಇವನ್ನ ಹಿಡಕೊಟ್ಟಿತು."

ಮೌನೇಶ ಕೈಮುಗಿದ.

"ಜಾಮೀನು ಕೊಡಿಸ್ತೀನಿ ಅಂದಿದ್ದ ರೀ ಸುಭಾಷ," ಎಂದ. "ಯಾರೂ ಸಾಯಂಗಿಲ್ಲ, ಬರೇ ಮಲಗ್ತಾರ ಅಂದ. ಅನೀಸ ಕದ್ದು ಉಣ್ಣೂದು ನಮಗ ಗೊತ್ತಿತ್ರಿ."

"ಚಾಚಾನ ತಲಿಗೆ ಬರತೈತಿ ಅನ್ನೂದೂ ಗೊತ್ತಿತ್ತಲ್ಲ?"

ಚಾಚಾನ ಜೊತೆ ಎರಡು ವರ್ಷ ಒಂದೇ ಒಲೆಯ ಮುಂದೆ ಕೂತು ಚಹಾ ಕುಡಿದವನು! ಸೀಮಾಳಿಗೆ ಸುಭಾಷನಿಗಿಂತ ಇವನ ಮೇಲೆಯೇ ಹೆಚ್ಚು ಸಿಟ್ಟು ಬಂತು.

"ಸುಭಾಷ ಎಲ್ಲಿ ಅದಾನ?"

"ಅಂತೂರ ಬೆಂತೂರ ಕಡೆ ಒಂದ ಹೊಲದಾಗ, ಪಂಪಿನ ಮನ್ಯಾಗ್ರಿ."

*

ಹೊತ್ತು ಇಳಿಯುವ ಮೊದಲೇ ಸುಭಾಷನನ್ನು ಪಂಪಿನ ಮನೆಯಿಂದ ಎಳೆದು ತಂದರು. ವಿಶ್ರುತ ವರದಿಯನ್ನು ಹೊಸದಾಗಿ ಬರೆದರು. ಪೂಜೆ, ನಮಾಜ್, ರೋಜಾದ ಊಟ ಎಲ್ಲವೂ ಮೊದಲಿನಂತೆ ನಡೆಯಬೇಕು ಎಂದು ಕೊನೆಗೆ ಸೇರಿಸಿದರು. ಮಲಂಗಸಾಬನ ಬಿಡುಗಡೆ ನಾಳೆಯೇ. ಅನೀಸನಿಗೆ ನೋಟಿಸು ಸಿಕ್ಕಿತು, ಕೆಲಸ ಉಳಿಯಿತು.

ಸೀಮಾ ಹೊರಡುವ ಮುನ್ನ ಅಡುಗೆಮನೆಯಲ್ಲಿ ಇಣುಕಿದಳು. ಜೈಲಿನ ಕೊನೆಯ ಅಡುಗೆ ಎಂದು ಮಲಂಗಸಾಬ ಹಟ ಹಿಡಿದು ಒಲೆ ಹಚ್ಚಿದ್ದ. ಸಾರು ಕುದಿಯುತ್ತಿತ್ತು. ರೋಜಾದ ಐವರು ಬಾಗಿಲಲ್ಲಿ ಕುಳಿತು ಈರುಳ್ಳಿ ಸುಲಿಯುತ್ತಿದ್ದರು. ಮಲಂಗಸಾಬ ಸೌಟಿನಲ್ಲಿ ಸಾರು ಎತ್ತಿದ. ರೂಢಿಯಂತೆ ಪಕ್ಕಕ್ಕೆ ತಿರುಗಿದ. ಅಲ್ಲಿ ಮೌನೇಶ ಇರಲಿಲ್ಲ. ಸೌಟು ಗಾಳಿಯಲ್ಲೇ ನಿಂತಿತು.

"ಕೊಡ್ರಿ ಚಾಚಾ."

ಅನೀಸ ಬಾಗಿಲು ದಾಟಿ ಒಳಗೆ ಬಂದ. ಎಲ್ಲರಿಗೂ ಕೇಳುವಂತೆ ಹೇಳಿದ.

"ನನಗ ಶುಗರ್ ಐತಿ. ರೋಜಾ ಇಲ್ಲ. ನಾ ನೋಡ್ತೀನಿ."

ಈರುಳ್ಳಿ ಸುಲಿಯುವ ಕೈಗಳು ನಿಂತವು. ಮಲಂಗಸಾಬ ಅವನ ಮುಖವನ್ನೇ ನೋಡಿದ. ಆಮೇಲೆ ಸೌಟಿಗೆ ಎರಡು ಸಲ ಊದಿ ಅನೀಸನ ಅಂಗೈಗೆ ಸಾರು ಹಾಕಿದ.

"ಬಿಸಿ ಐತಿ, ಸಾವಕಾಶ. ಹೇಳು, ಎಷ್ಟ ಹಾಕ್ಲಿ?"

"ಒಂದ ಮುಷ್ಟಿ," ಎಂದ ಅನೀಸ.

ಸೀಮಾಳ ಜೀಪು ಜೈಲಿನ ಮುಂಬಾಗಿಲು ದಾಟುವಾಗ ಹೊತ್ತು ಮುಳುಗಿತು. ಹಿಂದಿನಿಂದ ಗಂಟೆಯ ಸದ್ದು ಕೇಳಿಸಿತು.