ಖಾಲಿ ಮೂಲೆಯ ರಂಗೋಲಿ

ಬಹಳ ಹಿಂದೆ, ಏಳು ಬೆಟ್ಟಗಳ ಆಚೆ, ಹೊನ್ನಶಿಖರ ಎಂಬ ರಾಜ್ಯವಿತ್ತು. ಒಂದು ದಿನ ಶಂಖಾಕ್ಷನೆಂಬ ಮಾಂತ್ರಿಕ ಬಂದು ಅಲ್ಲಿನ ಒಂಬತ್ತು ಸಾವಿರದ ಒಂಬೈನೂರ ತೊಂಬತ್ತೊಂದು ಜನರನ್ನು ಕಲ್ಲು ಮಾಡಿಬಿಟ್ಟ. ಆ ಸಂಖ್ಯೆಯನ್ನು ಅವನು ಬೇಕೆಂದೇ ಆರಿಸಿಕೊಂಡಿದ್ದ.

"ಇವರನ್ನು ಸಮನಾದ ಸಾಲುಗಳಲ್ಲಿ ನಿಲ್ಲಿಸಿ. ಒಬ್ಬರೂ ಮಿಗಬಾರದು. ಎಲ್ಲರನ್ನೂ ಒಂದೇ ಸಾಲಿಗೆ, ಇಲ್ಲವೇ ಸಾಲಿಗೊಬ್ಬರಂತೆ ನಿಲ್ಲಿಸಿ ಜಾರಿಕೊಳ್ಳುವ ಹಾಗಿಲ್ಲ. ಗೆದ್ದರೆ ಇವರಿಗೆ ಜೀವ ಬರುತ್ತದೆ, ಕಲ್ಲಾಗುವವನು ನಾನು. ಮೂರು ಸಲ ತಪ್ಪಿದರೆ ಎಲ್ಲರೂ ಪುಡಿಮಣ್ಣು!" ಎಂದು ಕಲ್ಲಾಗದೆ ಉಳಿದವರಿಗೆ ಹೇಳಿದ.

ಹೇಳಿದರೆ ಸಾಕು, ಕಲ್ಲುಗಳು ತಾವೇ ಸರಿದು ನಿಲ್ಲುತ್ತಿದ್ದವು. ಸೇನಾಪತಿ ಮೀಸೆ ತಿರುವಿ "ಹತ್ತು ಸಾಲು" ಎಂದ. ಒಬ್ಬಳು ಮಿಕ್ಕಳು. ಆಸ್ಥಾನದ ಜೋಯಿಸರು ನಕ್ಷತ್ರಕ್ಕೊಂದರಂತೆ "ಇಪ್ಪತ್ತೇಳು ಸಾಲು" ಎಂದರು. ಮತ್ತೆ ಅವಳೇ ಮಿಕ್ಕಳು, ಸೊಂಟದ ಮೇಲೆ ಕೊಡ ಇಟ್ಟುಕೊಂಡೇ ಕಲ್ಲಾಗಿದ್ದ ದೇಮವ್ವ.

ಅವಳ ಅಕ್ಕ ಬೊಮ್ಮಕ್ಕ ಅರಮನೆಯ ಅಂಗಳಕ್ಕೆ ರಂಗೋಲಿ ಹಾಕುವವಳು. ಎರಡು ಸಲವೂ ತಂಗಿ ಒಂಟಿಯಾಗಿ ನಿಂತದ್ದನ್ನು ಕಂಡು ಅವಳು ಜೋಯಿಸರ ಬಳಿಗೆ ಓಡಿದಳು.

"ಆ ಸಂಖ್ಯೆ ಅವಿಭಾಜ್ಯ ಕಣಮ್ಮ. ಎರಡು, ಮೂರು, ಐದು, ಏಳು, ಯಾವುದಕ್ಕೂ ಬಗ್ಗುವುದಿಲ್ಲ" ಎಂದು ಜೋಯಿಸರು ಕೈಚೆಲ್ಲಿದರು.

ಬೊಮ್ಮಕ್ಕ ಕುಳಿತು ಯೋಚಿಸಿದಳು. ಇಷ್ಟು ಹೊತ್ತೂ ಎಲ್ಲರೂ ಇರುವವರನ್ನೇ ಎಣಿಸುತ್ತಿದ್ದರು. ರಂಗೋಲಿ ಹಾಕುವವಳ ಕಣ್ಣು ಮೊದಲು ಹುಡುಕುವುದು ಬಿಟ್ಟುಹೋದ ಚುಕ್ಕಿಯನ್ನು. ಹತ್ತು ಸಾವಿರಕ್ಕೆ ಎಷ್ಟು ಕಡಿಮೆ? ಒಂಬತ್ತು.

"ನೂರು ಸಾಲು, ಸಾಲಿಗೆ ನೂರು. ಕೊನೆಯ ಮೂರು ಸಾಲಿಗೆ ಮಾತ್ರ ತೊಂಬತ್ತೇಳು" ಎಂದಳು. ಕಲ್ಲುಗಳು ಸರಿದವು. ದೊಡ್ಡ ಚೌಕ, ಒಂದು ಮೂಲೆಯಲ್ಲಿ ಒಂಬತ್ತು ಚುಕ್ಕಿಯಷ್ಟು ಜಾಗ ಖಾಲಿ.

ಶಂಖಾಕ್ಷ ಹೊಟ್ಟೆ ಹಿಡಿದುಕೊಂಡು ನಕ್ಕ. "ಮೂಲೆ ಹರಿದಿದೆಯಲ್ಲೇ! ಮೂರನೆಯದೂ ತಪ್ಪಿತು!"

"ತಾಳಯ್ಯ, ನನ್ನ ರಂಗೋಲಿ ಇನ್ನೂ ಮುಗಿದಿಲ್ಲ" ಎಂದಳು ಬೊಮ್ಮಕ್ಕ. "ಆ ಮೂರು ಗಿಡ್ಡ ಸಾಲುಗಳು ಎದ್ದು ಬಂದು ಪಕ್ಕದಲ್ಲಿ ಉದ್ದಕ್ಕೆ ನಿಲ್ಲಲಿ."

ಮೇಲೆ ಉಳಿದದ್ದು ತೊಂಬತ್ತೇಳು ಸಾಲು. ಗಿಡ್ಡ ಸಾಲಿನಲ್ಲೂ ತೊಂಬತ್ತೇಳೇ ಜನ. ಸಾಲಿಗೆ ಮೂವರಂತೆ ಹೋಗಿ ಸೇರಿಕೊಂಡರು. ತೊಂಬತ್ತೇಳು ಸಾಲು, ಸಾಲಿಗೆ ನೂರಮೂರು. ದೇಮವ್ವ ಕೊನೆಯ ಸಾಲಿನ ತುದಿಯಲ್ಲಿದ್ದಳು, ಪಕ್ಕದಲ್ಲಿ ಜೊತೆಗಾರರಿದ್ದರು. ಯಾರೂ ಮಿಗಲಿಲ್ಲ.

"ಐವತ್ತರವರೆಗೂ ಭಾಗಿಸಿ ನೋಡಿದ್ದೆನಲ್ಲ!" ಎಂದು ಶಂಖಾಕ್ಷ ಬಾಯಿ ಬಿಟ್ಟ. ಆ ಬಾಯಿ ಹಾಗೆಯೇ ಕಲ್ಲಾಯಿತು. ಆ ಬಯಲಿನಲ್ಲಿ ಕೊನೆಗೆ ಮಿಕ್ಕವನು ಅವನೊಬ್ಬನೇ.

ಕಲ್ಲುಗಳು ಉಸಿರಾಡಿದವು. ದೇಮವ್ವ ಕೊಡ ಕೆಳಗಿಟ್ಟು, "ಅಕ್ಕಾ, ಸೊಂಟ ಬಿದ್ದುಹೋಯ್ತು ನೋಡು" ಎಂದಳು. ಬೊಮ್ಮಕ್ಕ ಅವಳನ್ನು ತಬ್ಬಿಕೊಂಡು ಅತ್ತಳು.

ಅಂದಿನಿಂದ ಹೊನ್ನಶಿಖರದಲ್ಲಿ ಎಲ್ಲರೂ ಸುಖವಾಗಿದ್ದಾರೆ. ಅಲ್ಲಿನ ಹೆಂಗಸರು ಇಂದಿಗೂ ರಂಗೋಲಿಯ ಒಂದು ಮೂಲೆಯಲ್ಲಿ ಒಂಬತ್ತು ಚುಕ್ಕಿ ಇಡದೆ ಬಿಡುತ್ತಾರೆ. ಮರೆತುಹೋಯಿತೇ ಎಂದು ಯಾರಾದರೂ ಕೇಳಿದರೆ, ಕೂರಿಸಿ ಈ ಕತೆ ಹೇಳುತ್ತಾರೆ.