ಎಂಟನೇ ಕಿಟಕಿ

ಗ್ರಂಥಾಲಯದ ಬೀರು ತೆರೆದಿತ್ತು. ನಕ್ಷೆ ಇರಲಿಲ್ಲ.

ಹ್ಯಾಲೋಬಿ ಬಂಗಲೆಯನ್ನು ಇನ್ನೂರು ವರ್ಷದ ಹಿಂದೆ ಕಟ್ಟಿದ ವಾಸ್ತುಶಿಲ್ಪಿ ಕೈಯಾರೆ ಬರೆದ ನಕ್ಷೆ ಅದು. ಇನ್‌ಸ್ಪೆಕ್ಟರ್ ಹೆಸ್ಕೆತ್ ಬಂದ ಅರ್ಧ ಗಂಟೆಯಲ್ಲೇ ಕಳ್ಳನನ್ನು ಹಿಡಿದಾಗಿತ್ತು. ಬಡಗಿ ಜೋನಾಸ್. ಜೈಲಿನಿಂದ ಬಂದು ಆರೇ ತಿಂಗಳಾದವನು, ಇನ್ನೇನು ಬೇಕು?

ಕಿಟಕಿ ತೊಳೆಯುವ ಟ್ಯಾಬಿತಾ ಬಕೆಟ್ ಹಿಡಿದೇ ಓಡಿ ಬಂದಳು. ಜೋನಾಸ್ ಅವಳ ತಮ್ಮ. ಮನೆಯೊಡತಿ ಲೇಡಿ ಆಕ್ಟೇವಿಯಾರನ್ನು ಕಾಡಿ ಬೇಡಿ ಕೆಲಸ ಕೊಡಿಸಿದ್ದೂ ಅವಳೇ.

“ನಾನು ಮುಟ್ಟಿಲ್ಲ ಕಣಕ್ಕಾ,” ಅಂದ ಜೋನಾಸ್. ಕೈಗೆ ಬೇಡಿ ಬಿದ್ದಿತ್ತು.

“ಗೊತ್ತು, ಸುಮ್ನಿರು.”

ಅವಳ ಅನುಮಾನ ಮೊದಲು ಹೋದದ್ದು ಬೀಗದಕೈ ಇಟ್ಟುಕೊಂಡಿದ್ದ ಬಟ್ಲರ್ ಮೇಲೆ. ಆದರೆ ಆತ ಬೆಳಗಿನಿಂದ ಪೇಟೆಯಲ್ಲಿ ಹಲ್ಲು ಕೀಳಿಸಿಕೊಳ್ಳುತ್ತಿದ್ದ. ಉಳಿದವನು ಒಬ್ಬನೇ, ಜೋನಾಸ್‌ನನ್ನು ಕಂಡೆನೆಂದ ಸಾಕ್ಷಿ.

* * *

ಸಾಕ್ಷಿ ಫಾರ್ಕರ್, ಬಂಗಲೆಯ ಬಗ್ಗೆ ಪುಸ್ತಕ ಬರೆಯಲು ಬಂದ ವಿದ್ವಾಂಸ. ಎರಡು ವಾರದಿಂದ ಹುಲ್ಲುಹಾಸಿನ ಮೇಲೆ ಕೂತು ಮನೆಯ ಮುಂಭಾಗದ ಚಿತ್ರ ಬರೆಯುತ್ತಿದ್ದ.

“ಹುಲ್ಲಿನ ಮೇಲೆ ಕೂತಿದ್ದೆ. ಇವನು ಬೀರು ಮೀಟ್ತಿದ್ದ. ಕಣ್ಣಾರೆ ನೋಡಿದೀನಿ,” ಅಂದ ಫಾರ್ಕರ್.

ಟ್ಯಾಬಿತಾ ಬಕೆಟ್ ಕೆಳಗಿಟ್ಟಳು. “ಯಾವ ಕಿಟಕೀಲಿ ಸಾರ್?”

“ಬಲತುದೀದು. ಎಂಟನೇದು.”

“ಸರಿಯಾಗಿ ಜ್ಞಾಪಕ ಇದೆಯಾ?”

“ಆ ಕಿಟಕೀನ ಗೀಟು ಗೀಟು ಬರೆದಿದೀನಮ್ಮ!”

“ಹೊರಗಡೆ ನಾನು ಎಂಟು ಕಿಟಕಿ ತೊಳೀತೀನಿ ಸಾರ್. ಒಳಗಡೆ ಏಳೇ.”

ಇನ್‌ಸ್ಪೆಕ್ಟರ್ ತಿರುಗಿ ನೋಡಿದರು. ಗ್ರಂಥಾಲಯದ ಆ ಮೂಲೆಯಲ್ಲಿ ನೆಲದಿಂದ ಸೂರಿನವರೆಗೆ ಪುಸ್ತಕಗಳು.

“ಅದರ ಹಿಂದೆ ಹೊಗೆಗೂಡು,” ಅಂದಳು ಟ್ಯಾಬಿತಾ. “ಬಾಗಿಲಿಂದ ಎಡಕ್ಕೆ ನಾಲ್ಕು ಕಿಟಕಿ ಇದ್ರೆ ಬಲಕ್ಕೂ ನಾಲ್ಕು ಇರ್ಲೇಬೇಕು ಅಂತ ಆ ಕಾಲದೋರ ಹಠ. ಅದಕ್ಕೆ ಗೋಡೆಗೆ ಕಪ್ಪು ಬಳಿದು, ಮುಂದೆ ಚೌಕಟ್ಟು, ಗಾಜು ಕೂರಿಸಿದ್ರು. ಗೋಡೆಯೊಳಗಿಂದ ನನ್ನ ತಮ್ಮ ಹೇಗೆ ಕಂಡ ಸಾರ್ ನಿಮಗೆ?”

ಫಾರ್ಕರ್ ಚಿತ್ರಗಳ ಕೊಳವೆಯನ್ನು ಬೆನ್ನ ಹಿಂದೆ ಸರಿಸಿದ. ಕದಿಯುವ ಅವಸರದಲ್ಲಿ ಒಳಗಿನ ಕಿಟಕಿ ಎಣಿಸಲು ಪುರುಸೊತ್ತೆಲ್ಲಿ!

ಇನ್‌ಸ್ಪೆಕ್ಟರ್ ಕಸಿದುಕೊಂಡ ಆ ತಗಡಿನ ಕೊಳವೆಯಲ್ಲಿ, ಅವನದೇ ಚಿತ್ರಗಳ ನಡುವೆ ಹಳೆಯ ನಕ್ಷೆ ಸಿಕ್ಕಿತು. ಲೇಡಿ ಆಕ್ಟೇವಿಯಾ ಕಟ್ಟಿದ ನೀಲಿ ದಾರದ ಗಂಟು ಹಾಗೇ ಇತ್ತು.

“ನನ್ನ ಪುಸ್ತಕಕ್ಕೆ ಬೇಕಿತ್ತು. ನೀವು ಮುಟ್ಟೋಕೂ ಬಿಡ್ಲಿಲ್ಲ,” ಎಂದು ಫಾರ್ಕರ್ ಲೇಡಿಯತ್ತ ಗೊಣಗಿದ.

ಲೇಡಿ ನಕ್ಷೆ ಬಿಡಿಸಿದರು. ಎಂಟನೇ ಕಿಟಕಿಯ ಹಿಂದೆ ವಾಸ್ತುಶಿಲ್ಪಿ ದಪ್ಪಗೆ ಬರೆದಿದ್ದ: ಇಲ್ಲಿ ಗೋಡೆ.

“ಕದ್ದಿದ್ದೇನೋ ಕದ್ರಿ. ಒಂದ್ಸಲ ಬಿಚ್ಚಿ ನೋಡ್ಬಾರ್ದಿತ್ತೇ?” ಅಂದರು.

* * *

ಬೇಡಿ ಕೈ ಬದಲಾಯಿಸಿತು. ಜೋನಾಸ್ ಮಣಿಕಟ್ಟು ಉಜ್ಜಿಕೊಳ್ಳುತ್ತ ನಿಂತಿದ್ದ.

“ಎಂಟನೇ ಕಿಟಕಿ ಚೌಕಟ್ಟು ಕೊಳೆತಿದೆ. ನಾಳೆ ಅದನ್ನ ಸರಿಮಾಡು,” ಅಂದರು ಲೇಡಿ.

“ಗೋಡೆ ಮುಂದಿರೋ ಕಿಟಕೀಗೂ ರಿಪೇರಿನಾ ಅಮ್ಮಾವ್ರೇ?” ಅಂದ ಜೋನಾಸ್.

“ಮೊದಲು ಅದಕ್ಕೇ.”

ಟ್ಯಾಬಿತಾ ಕಣ್ಣೊರೆಸಿಕೊಂಡು ಬಕೆಟ್ ಎತ್ತಿದಳು. ಆ ದಿನ ಅವಳು ತೊಳೆದ ಮೊದಲ ಗಾಜು ಎಂಟನೆಯದು.